‘ಗನ್ ವೈಸ್’ ಕನ್ನಡದಲ್ಲಿ: ಇಕ್ಕಳವೋ, ತೊಟ್ಟಿಲೋ?

ಪ್ರಶ್ನೆ: ಕೋವಿ ಶುಚಿಮಾಡುವಾಗ, ಬಿಡಿಭಾಗ ಬದಲಿಸುವಾಗ, ಗುರಿ ನೋಡುವ ದುರ್ಬೀನು (ಸ್ಕೋಪ್) ಕೂರಿಸುವಾಗ ಅದು ಅಲುಗದಂತೆ ಹಿಡಿದಿಡುವ ಸಾಧನ ‘ಗನ್ ವೈಸ್’. ಬಳಕೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ಇದಕ್ಕೆ ಏನೆನ್ನಬೇಕು? ‘ಇಕ್ಕಳ’ ಎಂದರೆ ಒಲೆಯ ಮೇಲಿನ ಪಾತ್ರೆ ಇಳಿಸುವುದು ನೆನಪಾಗುತ್ತದೆ. ‘ವೈಸ್’ ಎಂದೇ ಇಟ್ಟರೆ ವೈಸ್ ಚಾನ್ಸಲರ್ ಅಡ್ಡ ಬರುತ್ತಾರೆ. ‘ಕೋವಿ ತೊಟ್ಟಿಲು’ ಆಗಬಹುದೇ?

ಉತ್ತರ: ವೈಸ್ ಚಾನ್ಸಲರ್ ಬಗ್ಗೆ ಚಿಂತೆ ಬೇಡ, ಸಂದರ್ಭವೇ ಬಿಡಿಸಿ ಹೇಳುತ್ತದೆ. ತೊಡಕು ಬೇರೆ ಕಡೆ ಇದೆ. ವರ್ಕ್‌ಶಾಪಿನಲ್ಲಿ ವೈಸ್ ಅಂದರೆ ಬೆಂಚ್ ವೈಸ್: ಎರಡು ಉಕ್ಕಿನ ದವಡೆ, ನಡುವೆ ತಿರುಪು, ಹಿಡಿಕೆ ತಿರುಗಿಸಿದಷ್ಟೂ ಬಿಗಿ. ದವಡೆಯ ಮೇಲೆ ಗೀರುಗೀರಾದ ಹಲ್ಲು ಬೇರೆ. ಬರಿಯ ‘ವೈಸ್‌ನಲ್ಲಿ ಬಿಗಿಯಿರಿ’ ಎಂದು ಬರೆದರೆ ಓದಿದವರು ನಳಿಗೆಯನ್ನು ನೇರ ಅದರ ಬಾಯಿಗೆ ಕೊಡುತ್ತಾರೆ. ಶಾಟ್‌ಗನ್ ನಳಿಗೆಯ ಗೋಡೆ ತೆಳು, ನೆಗ್ಗಿಹೋಗುತ್ತದೆ.

ಗನ್ ವೈಸ್ ಎಂದು ಸಾಮಾನ್ಯವಾಗಿ ಮಾರುವುದರ ಕೆಲಸವೇ ಬೇರೆ. ಮುಂದೆ ಒಂದು ಕವಲು, ಅದರಲ್ಲಿ ಕೋವಿಯ ಮುಂಮರ, ಅಂದರೆ ನಳಿಗೆಯ ಕೆಳಗಿನ ಹಿಡಿ, ಕೂರುತ್ತದೆ. ಹಿಂದೆ ರಬ್ಬರ್ ಮೆತ್ತೆಯ ಹಿಡಿತ, ಅದು ಸ್ಟಾಕನ್ನು (ಭುಜಕ್ಕೆ ಆನಿಸುವ ಹಿಂಬದಿಯ ಮರವನ್ನು) ಹಿಡಿಯುತ್ತದೆ, ನಳಿಗೆಯನ್ನಲ್ಲ. ಭಾರವನ್ನು ಕವಲೂ ಹಿಂದಿನ ಆಸರೆಯೂ ಹಂಚಿಕೊಳ್ಳುತ್ತವೆ. ಹಿಡಿತ ಇರುವುದು ಜಾರದಿರಲು, ಅಷ್ಟೇ.

‘ತೊಟ್ಟಿಲು’ ಇಂಗ್ಲಿಷಿನಲ್ಲಿ (‘ಕ್ರೇಡಲ್’) ಒಪ್ಪುತ್ತದೆ, ನಮ್ಮಲ್ಲಿ ಒಪ್ಪದು. ನಮ್ಮ ತೊಟ್ಟಿಲು ತೂಗುವಂಥದ್ದು. ಈ ಸಾಧನದ ಮುಖ್ಯ ಗುಣವೇ ತೂಗಾಡದಿರುವುದು. ‘ಕವೆ’ ನೋಡಿ. ಕವಲೊಡೆದ ಕೊಂಬೆಯನ್ನು ಆನಿಕೆಗೆ ನಿಲ್ಲಿಸುವುದು ಎಲ್ಲರಿಗೂ ಗೊತ್ತು. ‘ಕೋವಿಕವೆ’ ಎಂದರೆ ಅದರ ಆಕಾರವೂ ಬಂತು, ಕೆಲಸವೂ ಬಂತು. ನಳಿಗೆ ಬಿಚ್ಚಲು ಬಳಸುವ, ನಿಜಕ್ಕೂ ಅಮುಕಿ ಹಿಡಿಯುವ ಸಾಧನ ಇನ್ನೊಂದು. ಅದಕ್ಕೆ ‘ನಳಿಗೆ ವೈಸ್’ ಇರಲಿ. ಎರಡಕ್ಕೂ ಒಂದೇ ಹೆಸರು ಕೊಟ್ಟರೆ ಕೈಪಿಡಿ ಕೆಟ್ಟಂತೆ.

ಕೈಪಿಡಿಯಲ್ಲಿ ಬರುವ ಉಳಿದ ಮಾತುಗಳು. ಮೊದಲ ವಾಕ್ಯ ಯಾವತ್ತೂ ‘ಗುಂಡು ತೆಗೆದು, ಮ್ಯಾಗಜೀನ್ ಕಳಚಿ, ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ’ ಎಂದಿರಲಿ (ಮ್ಯಾಗಜೀನ್ ಅಂದರೆ ಗುಂಡುಗಳ ಪೆಟ್ಟಿಗೆ, ಚೇಂಬರ್ ಅಂದರೆ ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಗೂಡು). ಶುಚಿಮಾಡುವಾಗ ನಳಿಗೆಯ ಬಾಯಿ ಕೊಂಚ ‘ಇಳಿಜಾರಾಗಿ’ ಇರಬೇಕು. ‘ಓರೆಯಾಗಿ’ ಎಂದು ಬರೆಯಬೇಡಿ, ಪಕ್ಕಕ್ಕೆ ವಾಲಿಸಿಯಾರು. ಬಾಯಿ ಮೇಲಿದ್ದರೆ ಶುಚಿಮಾಡುವ ದ್ರಾವಕ ಹಿಂದಕ್ಕೆ ಹರಿದು ಕುದುರೆಯ (ಟ್ರಿಗರಿನ) ಕೀಲುಗಳಿಗೂ ಮರಕ್ಕೂ ಇಳಿಯುತ್ತದೆ. ಮೆತ್ತೆಯ ಮೇಲೆ ಬಿದ್ದ ದ್ರಾವಕವನ್ನು ಕೂಡಲೇ ಒರೆಸಬೇಕು. ಕೆಲವು ರಬ್ಬರ್ ಅದಕ್ಕೆ ಮೆತ್ತಗಾಗಿ ಅಂಟಂಟಾಗುತ್ತದೆ, ಆ ಅಂಟು ಸ್ಟಾಕಿನ ಪಾಲಿಶ್‌ಗೂ ಹತ್ತುತ್ತದೆ.

ಸ್ಕೋಪಿನ ಭಾಗದಲ್ಲಿ ‘ಲೆವೆಲ್’ಗೆ ಗಾರೆಯವರ ‘ರಸಮಟ್ಟ’ ಇರುವಾಗ ಹೊಸ ಪದ ಯಾಕೆ? ಮೊದಲು ಕೋವಿಗೆ ರಸಮಟ್ಟ ಇಟ್ಟು ಕವೆಯನ್ನು ಸರಿಪಡಿಸುವುದು, ಆಮೇಲೆ ಸ್ಕೋಪಿನ ಮೇಲಿನ ಟರೆಟ್ (ಗುರಿಯ ಎತ್ತರ ಹೊಂದಿಸುವ ಗುಬುಟು) ಮುಚ್ಚಳದ ಮೇಲೆ ಇಟ್ಟು ನೋಡುವುದು. ಸ್ಕೋಪಿನೊಳಗೆ ಕಾಣುವ ನಿಲುಗೆರೆಯನ್ನು ದೂರದಲ್ಲಿ ಕಟ್ಟಿದ ತೂಗುಗುಂಡಿನ ದಾರಕ್ಕೆ ಹೋಲಿಸಿದರೆ ಇನ್ನೂ ಖಚಿತ. ನಿಲುಗೆರೆ ವಾಲಿದ್ದರೆ ಹತ್ತಿರದ ಗುರಿಯಲ್ಲಿ ಗೊತ್ತೇ ಆಗದು. ದೂರದ ಗುರಿಗೆಂದು ಎತ್ತರದ ಟರೆಟ್ ತಿರುಗಿಸಿದಂತೆ ಗುಂಡು ಪಕ್ಕಕ್ಕೆ ಸರಿಯುತ್ತದೆ.

ಸ್ಕೋಪನ್ನು ಹಿಡಿದಿಡುವ ಉಂಗುರದ ತಿರುಪುಗಳಿಗೆ ಹೆಚ್ಚಾಗಿ ಸೂಚಿಸುವ ಬಿಗಿ (ಟಾರ್ಕ್) 15ರಿಂದ 18 ಇಂಚು-ಪೌಂಡ್, ಸುಮಾರು 1.7ರಿಂದ 2 ನ್ಯೂಟನ್-ಮೀಟರ್; ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಇಲ್ಲಿ ‘ಚೆನ್ನಾಗಿ ಬಿಗಿಯಿರಿ’ ಎಂಬ ಅನುವಾದ ಅಪಾಯ, ಸ್ಕೋಪಿನ ಕೊಳವೆ ಅಮುಕಿಹೋಗುತ್ತದೆ. ಒಂದು ಬದಿಯನ್ನೇ ಪೂರ್ತಿ ಬಿಗಿದರೆ ಸ್ಕೋಪ್ ಆ ಕಡೆ ಹೊರಳುತ್ತದೆ, ಆದ್ದರಿಂದ ‘ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ’ ಎನ್ನುವುದನ್ನು ಬಿಡಬೇಡಿ.

ಮರುಪ್ರಶ್ನೆ: ಕೊಳ್ಳುವವರಿಗೆ ಎಂಬ ಅಧ್ಯಾಯದಲ್ಲಿ ‘ಸ್ಥಿರತೆ’ ಎಂದಷ್ಟೇ ಇದೆ. ಸಾಕೇ?

ಉತ್ತರ: ಸಾಲದು. ‘ತಿರುಪು ತಿರುಗಿಸುವಾಗ ಬುಡ ಎದ್ದು ಬರಬಾರದು’ ಎಂದು ಬಿಡಿಸಿ ಬರೆಯಿರಿ. ಬುಡವನ್ನು ಮೇಜಿಗೆ ಬೋಲ್ಟ್ ಮಾಡುವ ತೂತು ಇದೆಯೇ, ಉದ್ದದ ಮ್ಯಾಗಜೀನ್ ಇರುವ ಕೋವಿಗೆ ನಡುವೆ ಜಾಗ ಬಿಟ್ಟಿದ್ದಾರೆಯೇ, ಇವೆರಡನ್ನೂ ಸೇರಿಸಿ.