ಮನೆ ಸರಿ ಮಾಡಿಸಬೇಕು, ಏನು ಮಾಡಿಸಬೇಕು ಅಂತ ತೀರ್ಮಾನ ಆಗುತ್ತಿಲ್ಲ: ಒಳಾಂಗಣ ವಿನ್ಯಾಸಗಾರರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ರಾಜಾಜಿನಗರ):

ನಮಸ್ಕಾರ ಮೇಡಂ. ನಮ್ಮದು 30-40 ಸೈಟಿನ ಮನೆ. ಮಾವನವರು 1984ರಲ್ಲಿ ಕಟ್ಟಿಸಿದ್ದು. ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು ಇದ್ದೇವೆ. 2 ವರ್ಷದಿಂದ ಮನೆ ಸರಿ ಮಾಡಿಸೋಣ ಅಂದುಕೊಳ್ಳುತ್ತಲೇ ಇದ್ದೇವೆ. ಇನ್ನೂ ಒಂದು ಮೊಳೆ ಹೊಡೆದಿಲ್ಲ. ಹಾಲ್ ಗೋಡೆಯ ಮೇಲೆ 11 ಬಣ್ಣದ ಪಟ್ಟೆ ಬಳಿದು ನೋಡಿದ್ದಾಯಿತು. ಯಾವುದೂ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ನೆಲ ರೆಡ್ ಆಕ್ಸೈಡ್. ಯಜಮಾನರಿಗೆ ಅದನ್ನು ತೆಗೆಸಿ ಟೈಲ್ಸ್ ಹಾಕಿಸುವ ಆಸೆ, ಮಾವನವರು ಬೇಡವೇ ಬೇಡ ಅನ್ನುತ್ತಾರೆ. ಅಡುಗೆಮನೆ ಕಟ್ಟೆ ಕಡಪ ಕಲ್ಲಿನದು, ತುಂಬಾ ತಗ್ಗು. ನನಗೆ ಬೆನ್ನುನೋವು. ಅತ್ತೆಯವರಿಗೆ ಅದೇ ಸರಿಯಾಗಿದೆ. ಕೈಯಲ್ಲಿ 8 ಲಕ್ಷ ಇದೆ. ಒಂದು ಸಲ ತಪ್ಪಾದರೆ ಮತ್ತೆ ಇಷ್ಟು ದುಡ್ಡು ಸೇರಿಸುವುದು ಕಷ್ಟ. ಆ ಭಯಕ್ಕೇ ಮುಂದಕ್ಕೆ ಹಾಕುತ್ತಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ:

ನಮಸ್ಕಾರ ಅಮ್ಮ. ನೀವು ಕೊನೆಗೆ ಕೇಳಬೇಕಾದ ಪ್ರಶ್ನೆಯನ್ನು ಮೊದಲು ಹಿಡಿದುಕೊಂಡು ಕೂತಿದ್ದೀರಿ. ಅದಕ್ಕೇ 2 ವರ್ಷ ಹೋಯಿತು. ಬಣ್ಣ ಅನ್ನುವುದು ಕೊನೆಯ ಕೆಲಸ. ತಪ್ಪಾದರೂ ಒಂದು ವಾರದಲ್ಲಿ ಇನ್ನೊಂದು ಬಣ್ಣ ಬಳಿಸಬಹುದು. ನೆಲ ಹಾಗಲ್ಲ, ಒಡೆದರೆ ಒಡೆದಂತೆಯೇ. ವೈರಿಂಗ್, ನೀರಿನ ಪೈಪು ಗೋಡೆಯೊಳಗೆ ಇರುತ್ತವೆ. ಅವನ್ನು ಬಿಟ್ಟು ಮೇಲೆ ಚೆಂದ ಮಾಡಿಸಿದರೆ ಮತ್ತೆ ಆ ಚೆಂದವನ್ನೇ ಒಡೆಯಬೇಕು.

ನಾನು ಹಳೆ ಮನೆ ನೋಡಲು ಹೋದರೆ ಮೊದಲು ತಾರಸಿ ಹತ್ತುತ್ತೇನೆ. ನೀವೂ ಅಲ್ಲಿಂದಲೇ ಶುರು ಮಾಡಿ. ನೀರು ಹೋಗುವ ತೂತುಗಳನ್ನು ಬಟ್ಟೆಯಿಂದ ಮುಚ್ಚಿ. ಒಂದೆರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಡಿ. ಆಮೇಲೆ ಕೆಳಗೆ ಬಂದು ಸೂರನ್ನು ನೋಡಿ. ತೇವದ ಗುರುತು ಕಂಡರೆ ಬಣ್ಣದ ಮಾತೇ ಬೇಡ, ಮೊದಲು ವಾಟರ್‌ಪ್ರೂಫಿಂಗ್. ಗೋಡೆಯ ಕೆಳಭಾಗದಲ್ಲಿ ಬಣ್ಣ ಚಕ್ಕೆ ಎದ್ದು ಬಿಳಿ ಪುಡಿ ಉದುರುತ್ತಿದ್ದರೆ ಅದು ಗೋಡೆಯೊಳಗಿನ ತೇವ ಹೊರಗೆ ತಂದ ಉಪ್ಪು. ಅದರ ಮೇಲೆ ಎಷ್ಟು ದುಬಾರಿ ಪುಟ್ಟಿ ಹಚ್ಚಿದರೂ ಮುಂದಿನ ಮಳೆಗಾಲಕ್ಕೆ ಮತ್ತೆ ಏಳುತ್ತದೆ. ನಮ್ಮ ಬೆಂಗಳೂರಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಮಳೆ ಜಾಸ್ತಿ. ಆಗ ಗೋಡೆ ಚೆನ್ನಾಗಿ ನೋಡಿಕೊಂಡು, ಜನವರಿಯಿಂದ ಮಾರ್ಚ್ ಒಳಗೆ ಬಣ್ಣ ಮಾಡಿಸುವುದು ಒಳ್ಳೆಯದು.

ಆಮೇಲೆ ಕರೆಂಟು. 40 ವರ್ಷದ ವೈರಿಂಗ್ ಮನೆ ಕಟ್ಟಿದಾಗಿನ ಫ್ಯಾನು, ಬಲ್ಬಿಗೆ ಹಾಕಿದ್ದು. ಈಗ ಗೀಸರ್, ಮೈಕ್ರೋವೇವ್, ಇಂಡಕ್ಷನ್ ಒಲೆ, ವಾಷಿಂಗ್ ಮೆಷಿನ್ ಎಲ್ಲಾ ಅದೇ ವೈರಿನ ಮೇಲೆ. ಲೈಟಿಗೆ 1.5 ಚದರ ಎಂಎಂ ವೈರ್, ಪವರ್ ಸಾಕೆಟ್‌ಗೆ 2.5, ಗೀಸರ್, ಎಸಿಗೆ 4 ಚದರ ಎಂಎಂ ಹಾಕಿಸಿ. ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೀಟರ್ ಹಿಡಿಸಿ ನೋಡಿ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್ಚು) ಒಂದು ಇರಲೇಬೇಕು, ಮಕ್ಕಳಿರುವ ಮನೆ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಬರೆದಿರುತ್ತದೆ. ಅದು ಸಾಲದಿದ್ದರೆ ಜಾಸ್ತಿ ಮಾಡಿಸಿಕೊಳ್ಳಿ.

ಈ ಎರಡು ಕೆಲಸದಲ್ಲಿ ಯಾರ ಇಷ್ಟಾನಿಷ್ಟವೂ ಬರುವುದಿಲ್ಲ ನೋಡಿ. ಸೋರುವ ತಾರಸಿ ಬೇಕು ಅಂತ ಯಾರೂ ಹಟ ಹಿಡಿಯುವುದಿಲ್ಲ. ಮನೆಯವರೆಲ್ಲ ಒಂದೇ ಮಾತಿಗೆ ಬರುವ ಕೆಲಸದಿಂದ ಶುರುವಾದರೆ ಮುಂದಿನ ಮಾತುಕತೆಯೂ ಸಲೀಸು. ಇದು ನಾನು ಮನೆ ಮನೆಯಲ್ಲಿ ಕಂಡದ್ದು. 8 ಲಕ್ಷದಲ್ಲಿ 1 ಲಕ್ಷ ತೆಗೆದು ಪಕ್ಕಕ್ಕಿಡಿ. ಹಳೆ ಮನೆ ಗೋಡೆ ಬಿಚ್ಚಿದಾಗ ಏನಾದರೂ ಒಂದು ಹೊಸ ಖರ್ಚು ಬಂದೇ ಬರುತ್ತದೆ.

ಇನ್ನು ನೆಲ. ಇಲ್ಲಿ ನಾನು ನಿಮ್ಮ ಮಾವನವರ ಕಡೆ. ಸಿಮೆಂಟಿಗೆ ಬಣ್ಣದ ಪುಡಿ ಬೆರೆಸಿ, ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತಂದ ನೆಲ ಅದು. 40 ವರ್ಷ ಜನ ಓಡಾಡಿ ಬಂದ ನುಣುಪು ಅದರಲ್ಲಿದೆ. ಹಾಗೆ ಕೈಯಾಡಿಸುವ ಮೇಸ್ತ್ರಿಗಳು ಈಗ ಸುಲಭಕ್ಕೆ ಸಿಗುವುದಿಲ್ಲ. ಕೆಲಸ ಶುರು ಮಾಡಿದ ಹೊಸತರಲ್ಲಿ ಬಸವನಗುಡಿಯ ಒಂದು ಮನೆಯಲ್ಲಿ ಇಂಥ ನೆಲ ಒಡೆಸಲು ನಾನೇ ಸಲಹೆ ಕೊಟ್ಟಿದ್ದೆ. ಹೊಸ ಟೈಲ್ಸ್ ಹಾಕಿದ ಮೇಲೆ ಆ ಮನೆಯ ಅಜ್ಜಿ ಮಧ್ಯಾಹ್ನ ಎಲ್ಲಿ ಮಲಗಬೇಕೋ ತಿಳಿಯದೆ ಓಡಾಡುತ್ತಿದ್ದರು. ಬೇಸಿಗೆಯಲ್ಲಿ ಅವರು ಆ ಕೆಂಪು ನೆಲದ ಮೇಲೆ ಬರೀ ಸೀರೆ ಹಾಸಿಕೊಂಡು ಮಲಗುತ್ತಿದ್ದರಂತೆ. ಅದು ನನಗೆ ಈಗಲೂ ನೋಯುತ್ತದೆ.

ಬಿರುಕು ಇದ್ದರೆ ಅದೇ ಬಣ್ಣದ ಸಿಮೆಂಟ್ ತುಂಬಿಸಬಹುದು. ತೇಪೆ ಸ್ವಲ್ಪ ಕಾಣುತ್ತದೆ, ಪೂರ್ತಿ ಹೊಂದುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆಸಿಡ್ ಹಾಕಿ ಮಾತ್ರ ತೊಳೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಮೆತ್ತನೆ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ. ಜಿಡ್ಡು ಉಳಿದರೆ ಜಾರುತ್ತದೆ, ಹಾಗಾಗಿ ಕೊನೆಗೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ನಿಮ್ಮ ಯಜಮಾನರಿಗೆ ಟೈಲ್ಸ್ ಆಸೆ ಇದ್ದರೆ ಬಚ್ಚಲುಮನೆ, ಯುಟಿಲಿಟಿ, ಅಡುಗೆಮನೆಯಲ್ಲಿ ಹಾಕಿಸಲಿ. ನೀರು ಬೀಳುವ ಜಾಗ, ಅಲ್ಲಿ ಅದೇ ಸರಿ. ಹಾಲ್‌ನ ನೆಲದ ಮೇಲೇ ಟೈಲ್ಸ್ ಅಂಟಿಸೋಣ ಅಂತ ಯಾರಾದರೂ ಹೇಳಿದರೆ ಬಾಗಿಲುಗಳನ್ನು ನೆನಪಿಸಿ. ನೆಲ ಹೆಚ್ಚುಕಡಿಮೆ ಅರ್ಧ ಇಂಚು ಏರುತ್ತದೆ, ಎಲ್ಲಾ ಬಾಗಿಲಿನ ಅಡಿ ಕೊಯ್ಯಬೇಕು, ಹೊಸ್ತಿಲು ತಗ್ಗಾಗುತ್ತದೆ.

ಅಡುಗೆಮನೆ ಕಟ್ಟೆಗೆ ಒಂದು ಸುಲಭದ ಲೆಕ್ಕ ಇದೆ. ನೇರ ನಿಂತು ಮೊಣಕೈ ಮಡಚಿ. ಮೊಣಕೈಯಿಂದ 3-4 ಇಂಚು ಕೆಳಗೆ ಕಟ್ಟೆ ಬಂದರೆ ಬೆನ್ನು ಬಾಗುವುದಿಲ್ಲ. ಸಾಮಾನ್ಯವಾಗಿ 32ರಿಂದ 34 ಇಂಚು ಆಗುತ್ತದೆ. ನೀವೂ ಅಳೆಯಿರಿ, ಅತ್ತೆಯವರನ್ನೂ ಅಳೆಯಿರಿ. ವ್ಯತ್ಯಾಸ ಜಾಸ್ತಿ ಬಂದರೆ ಒಂದೇ ಎತ್ತರಕ್ಕೆ ಇಬ್ಬರನ್ನೂ ಒಗ್ಗಿಸಬೇಡಿ. ಒಲೆಯ ಕಟ್ಟೆ ನಿಮ್ಮ ಅಳತೆಗೆ ಇರಲಿ. ಕಿಟಕಿಯ ಹತ್ತಿರ ಎರಡೂವರೆ ಅಡಿ ಅಗಲದ ಒಂದು ತಗ್ಗು ಕಟ್ಟೆ, ಅದೇ ಹಳೆ ಕಡಪ ಕಲ್ಲನ್ನು ಬಳಸಿ, ಅತ್ತೆಯವರಿಗೆ ತರಕಾರಿ ಹೆಚ್ಚಲು, ಹೂ ಕಟ್ಟಲು ಮಾಡಿಸಿ. ಸಿಂಕ್ ಕೆಳಗಿನ ಬೀರುವಿಗೆ ಐಎಸ್ 710 ಮುದ್ರೆ ಇರುವ, ನೀರು ತಡೆಯುವ ಪ್ಲೈವುಡ್ಡೇ ಬೇಕು. ಶೀಟ್ ಕೊಯ್ಯುವ ಮೊದಲು ಮುದ್ರೆ ತೋರಿಸಿ ಅಂತ ಕಾರ್ಪೆಂಟರನ್ನು ಕೇಳಿ. ಲ್ಯಾಮಿನೇಟ್ ಅಂಟಿಸಿದ ಮೇಲೆ ಏನೂ ಕಾಣುವುದಿಲ್ಲ.

ಕೊನೆಗೆ ಆ 11 ಪಟ್ಟೆ. ನಿಮ್ಮ ಹಾಲ್‌ನಲ್ಲಿ ಬಿಳಿ ಟ್ಯೂಬ್‌ಲೈಟ್ ಇದೆ ಅಲ್ವಾ? ಬಲ್ಬಿನ ಡಬ್ಬದ ಮೇಲೆ 6500 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಇದ್ದರೆ ಅದು ನೀಲಿ ಕಡೆಗೆ ಹೋಗುವ ಬೆಳಕು. ಅದರಡಿ ಕೆನೆ ಬಣ್ಣ ಮಂಕಾಗಿ ಕಾಣುತ್ತದೆ. ಮೊದಲು ಬಲ್ಬು ಬದಲಿಸಿ. ಹಾಲ್‌ಗೆ, ಮಲಗುವ ಕೋಣೆಗೆ 3000 ಕೆ, ಅಡುಗೆಮನೆಗೆ 4000 ಕೆ. ಆಮೇಲೆ ಗೋಡೆಯ ಮೇಲೆ ಪಟ್ಟೆ ಬಳಿಯುವುದು ಬಿಡಿ. ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ದಪ್ಪ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಬಳಿದು ಗೋಡೆಗೆ ಒರಗಿಸಿಡಿ. ಒಂದು ಸಲಕ್ಕೆ ಒಂದೇ ಬಣ್ಣ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ನಿಮ್ಮ ನೆಲ ಕೆಂಪು, ಅದರ ಜೊತೆಗಿಟ್ಟು ನೋಡಿದರೆ ಅರ್ಧ ಬಣ್ಣಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಪ್ರಶ್ನೆ (ಯಲಹಂಕ):

ಮೇಡಂ, ನಮ್ಮದು ಎರಡು ಬೆಡ್‌ರೂಮ್ ಫ್ಲ್ಯಾಟ್. ಮೊಬೈಲಿನಲ್ಲಿ 400 ಫೋಟೋ ಕೂಡಿಟ್ಟಿದ್ದೇವೆ. ನೋಡಿದಷ್ಟೂ ಗೊಂದಲ. ಸೋಫಾ ಎಲ್ ಆಕಾರದ್ದೋ, ಮೂರು ಸೀಟಿನದ್ದೋ ಅಂತಲೇ 6 ತಿಂಗಳು ಕಳೆಯಿತು.

ಉತ್ತರ:

ಫೋಟೋ ಒಂದು ತಿಂಗಳು ಮುಚ್ಚಿಡಿ. ಹಳೇ ದಿನಪತ್ರಿಕೆ ತೆಗೆದುಕೊಂಡು ಎಲ್ ಸೋಫಾದ ಅಳತೆಗೆ ಕತ್ತರಿಸಿ ನೆಲಕ್ಕೆ ಅಂಟಿಸಿ. ಒಂದು ವಾರ ಅದನ್ನು ತುಳಿಯದೆ ಸುತ್ತು ಹಾಕಿಯೇ ಓಡಾಡಿ. ಓಡಾಡಲು ಎರಡೂವರೆ, ಮೂರು ಅಡಿ ಜಾಗ ಉಳಿಯದಿದ್ದರೆ ನಿಮ್ಮ ಕಾಲೇ ಉತ್ತರ ಹೇಳುತ್ತದೆ. ಮನೆಯಲ್ಲಿ ದಸರಾ ಗೊಂಬೆ ಕೂರಿಸುತ್ತೀರಾ? ವರಮಹಾಲಕ್ಷ್ಮಿಗೆ ನೆಂಟರು ಬರುತ್ತಾರಾ? ಹಾಗಿದ್ದರೆ ಗೊಂಬೆ ಮೆಟ್ಟಿಲು ಎಲ್ಲಿ, ಎಲೆ ಹಾಕುವುದು ಎಲ್ಲಿ ಅಂತ ಮೊದಲು ಗುರುತು ಮಾಡಿ. ಎಲ್ ಸೋಫಾ ಸರಿಸುವುದು ಕಷ್ಟ. ಮೂರು ಸೀಟಿನದ್ದೊಂದು, ಬಿಡಿ ಕುರ್ಚಿ ಎರಡು ಇದ್ದರೆ ಹಬ್ಬದ ದಿನ ರೂಮಿಗೆ ತಳ್ಳಬಹುದು. ತೀರಾ ತೀರ್ಮಾನ ಆಗದಿದ್ದರೆ ಈಗ ಕುರ್ಚಿಗಳನ್ನಷ್ಟೇ ಕೊಳ್ಳಿ. ಅವು ಯಾವ ಸೋಫಾ ಜೊತೆಗೂ ಹೊಂದುತ್ತವೆ.

ಪ್ರಶ್ನೆ (ಜಯನಗರ):

ನನಗೆ 74, ನನ್ನ ಹೆಂಡತಿಗೆ 70. ಮಕ್ಕಳು ಹೊರದೇಶದಲ್ಲಿದ್ದಾರೆ. ಈ ವಯಸ್ಸಿನಲ್ಲಿ ಮನೆಗೆ ದುಡ್ಡು ಸುರಿಯುವುದು ಯಾಕೆ ಅಂತ ಸುಮ್ನೆ ಕೂತಿದ್ದೇವೆ. ಬಚ್ಚಲುಮನೆ ಮಾತ್ರ ಸ್ವಲ್ಪ ಭಯ.

ಉತ್ತರ:

ಸರ್, ದಯವಿಟ್ಟು ಇದನ್ನು ಮುಂದಕ್ಕೆ ಹಾಕಬೇಡಿ. ಬೇರೆ ಏನೂ ಬೇಡ, ಬಚ್ಚಲುಮನೆ ಒಂದು ಈ ತಿಂಗಳೇ ಮಾಡಿಸಿ. ಜಾರದ ಟೈಲ್ಸ್, ಕಮೋಡ್ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ನೆಲದಿಂದ 33-36 ಇಂಚು ಎತ್ತರಕ್ಕೆ ಹಿಡಿಕೆ. ಹಿಡಿಕೆಯ ಬೋಲ್ಟು ಟೈಲ್ಸ್ ದಾಟಿ ಇಟ್ಟಿಗೆಯೊಳಗೆ ಹೋಗಬೇಕು. ಹಾಕಿದವರಿಗೇ ನಿಮ್ಮ ಎದುರು ಪೂರ್ತಿ ತೂಕ ಬಿಟ್ಟು ಎಳೆದು ನೋಡಲು ಹೇಳಿ. ಬಾಗಿಲು ಹೊರಗೆ ತೆರೆಯುವಂತೆ ಮಾಡಿಸಿ. ಒಳಗೆ ಯಾರಾದರೂ ಬಿದ್ದರೆ ಒಳಗೆ ತೆರೆಯುವ ಬಾಗಿಲು ತಳ್ಳಲು ಆಗುವುದಿಲ್ಲ. ಒಳಗಿನ ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂಥದ್ದಿರಲಿ. ಮಂಚದಿಂದ ಬಚ್ಚಲವರೆಗೆ ರಾತ್ರಿ ಉರಿಯುವ ಸಣ್ಣ ದೀಪ ಇರಲಿ. ಅಮ್ಮನವರಿಗೂ ಹೇಳಿ, ಇದು ದುಡ್ಡು ಸುರಿಯುವ ಮಾತಲ್ಲ.

ಪ್ರಶ್ನೆ (ರಾಜಾಜಿನಗರ, ಮತ್ತೆ):

ಮೇಡಂ, ನೀವು ಹೇಳಿದಂತೆ ತಾರಸಿಯಲ್ಲಿ ನೀರು ನಿಲ್ಲಿಸಿದೆವು. ಅಡುಗೆಮನೆ ಮೂಲೆಯಲ್ಲಿ ತೇವ ಕಾಣಿಸಿತು. ಮಾವನವರೇ ಮೇಸ್ತ್ರಿಯನ್ನು ಕರೆಸಿದರು. ಕಟ್ಟೆ ಅಳೆದೆವು, ನನಗೂ ಅತ್ತೆಗೂ 4 ಇಂಚು ವ್ಯತ್ಯಾಸ! ತಗ್ಗು ಕಟ್ಟೆ ಅಂದಿದ್ದಕ್ಕೆ ಅತ್ತೆಯವರು ಒಪ್ಪಿದರು. ಆದರೆ ಆಷಾಢದಲ್ಲಿ ಕೆಲಸ ಶುರು ಮಾಡುವುದು ಬೇಡ ಅನ್ನುತ್ತಿದ್ದಾರೆ. ಮತ್ತೆ ನಿಂತುಹೋಗುತ್ತದೇನೋ ಅಂತ ಭಯ.

ಉತ್ತರ:

ಅತ್ತೆಯವರ ಮಾತು ನಡೆಯಲಿ, ಆ ಒಂದು ತಿಂಗಳು ನಿಮಗೆ ಬೇಕಾಗಿಯೂ ಇದೆ. ತಾರಸಿಯ ಸೋರಿಕೆ ಮಾತ್ರ ರಿಪೇರಿ, ಅದಕ್ಕೆ ಕಾಯಬೇಡಿ ಅಂತ ನಾನು ಹೇಳಿದೆ ಅಂತ ಅವರಿಗೆ ತಿಳಿಸಿ. ಮಳೆ ಬಿಡುವು ಕೊಟ್ಟು ತಾರಸಿ ಪೂರ್ತಿ ಒಣಗಿದ ದಿನ ನೋಡಿ ಮೇಸ್ತ್ರಿ ಕೆಲಸ ಹಿಡಿಯಲಿ. ಉಳಿದದ್ದಕ್ಕೆ ಮೂರು ಜನರಿಂದ ಅಂದಾಜು ಪಟ್ಟಿ ತರಿಸಿ. ಪಟ್ಟಿಯಲ್ಲಿ ವೈರಿನ ಚದರ ಎಂಎಂ, ಪ್ಲೈವುಡ್‌ನ ಮುದ್ರೆ, ಬಣ್ಣದ ಕೋಟ್ ಎಷ್ಟು ಅಂತ ಬರೆದಿರಬೇಕು. ಒಂದು ಶನಿವಾರ ನೀವೂ ಯಜಮಾನರೂ ಹಾರ್ಡ್‌ವೇರ್ ಅಂಗಡಿಗಳಿರುವ ಎಸ್‌ಜೆಪಿ ರಸ್ತೆಗೆ ಹೋಗಿ ಕೀಲು, ಡ್ರಾಯರ್ ಚಾನೆಲ್ ಕೈಯಲ್ಲಿ ಹಿಡಿದು, ಎಳೆದು ನೋಡಿ ಬನ್ನಿ. ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತವೆ. ಶ್ರಾವಣದ ಮೊದಲ ವಾರ ಎಲೆಕ್ಟ್ರಿಷಿಯನ್ ಬರಲಿ ಅಂತ ಈಗಲೇ ಮುಂಗಡ ಕೊಟ್ಟು ದಿನ ಗೊತ್ತು ಮಾಡಿಕೊಳ್ಳಿ. ತಗ್ಗು ಕಟ್ಟೆಯ ಪಕ್ಕ ಒಂದು ಸಾಕೆಟ್ ಬಿಡಿಸುವುದನ್ನು ಮರೆಯಬೇಡಿ, ಅತ್ತೆಯವರಿಗೆ ಮಿಕ್ಸಿಗೆ ಬೇಕಾಗುತ್ತದೆ.