ಮಗಳಿಗೆ ಟಿಓಕೆ ಅಂತ ಒಂದು ವಿಷಯ, ಇದಕ್ಕೆ ಅಂಕ ಹೇಗೆ?

ಕಾಫಿಪುಡಿ: ಮಗಳು ಬೆಂಗಳೂರಲ್ಲಿ ಐಬಿ ಡಿಪ್ಲೊಮಾ (ಪಿಯುಸಿ ಮಟ್ಟದ ಎರಡು ವರ್ಷದ ಅಂತರರಾಷ್ಟ್ರೀಯ ಕೋರ್ಸ್) ಮೊದಲ ವರ್ಷ ಓದುತ್ತಿದ್ದಾಳೆ. ಅದರಲ್ಲಿ ಥಿಯರಿ ಆಫ್ ನಾಲೆಡ್ಜ್ (ಟಿಓಕೆ), ಅಂದರೆ ನಮಗೆ ಗೊತ್ತಿರೋದು ಹೇಗೆ ಗೊತ್ತಾಯಿತು ಅಂತ ಕೇಳೋ ವಿಷಯ, ಕಡ್ಡಾಯ. ಬಾಯಿಪಾಠ ಮಾಡೋ ಹಾಗಿಲ್ಲ, ಕೊನೆಗೆ ಲಿಖಿತ ಪರೀಕ್ಷೆಯೂ ಇಲ್ಲ. ನಿನ್ನೆ ಊಟಕ್ಕೆ ಕೂತಾಗ "ಅಪ್ಪಾ, ಗಣಿತ ಮೊದಲೇ ಇತ್ತಾ, ಇಲ್ಲಾ ನಾವೇ ಕಟ್ಟಿದ್ದಾ?" ಅಂತ ಕೇಳಿದಳು. ಸುಮ್ನೆ ಸಾರು ಬಡಿಸಿಕೊಂಡೆ. ಇಂಥದ್ದಕ್ಕೆಲ್ಲ ಅಂಕ ಹೇಗೆ ಕೊಡುತ್ತಾರೆ?

ಹಳೇಮೇಷ್ಟ್ರು: ನಾನು ಇದನ್ನು ಕಲಿಸಿದ್ದೇನೆ. ಎರಡು ಕೆಲಸ ಇರುತ್ತವೆ. ಒಂದು, 1600 ಪದ ಮೀರದ ಪ್ರಬಂಧ. ಇನ್ನೊಂದು ಪ್ರದರ್ಶನ: ಕೊಟ್ಟಿರುವ 35 ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಂಡು ಮೂರು ವಸ್ತುಗಳ ಮೂಲಕ ಅದಕ್ಕೆ ಉತ್ತರ ಹೇಳಬೇಕು. ಪಂಚಾಂಗ ಕೂಡ ಆಗುತ್ತದೆ, ಆದರೆ ಯಾವುದೋ ಒಂದು ಪಂಚಾಂಗ ಅಂದರೆ ಸಾಲದು, ನಿಮ್ಮ ಅಜ್ಜಿ ದಿನಾ ನೋಡೋ ಅದೇ ಪಂಚಾಂಗ ಬೇಕು, ಮಕ್ಕಳು ಜಾಸ್ತಿ ಎಡವೋದು ಇಲ್ಲೇ.

ಅವರೇಕಾಳು: ಟಿಓಕೆಗೂ, ಡಿಪ್ಲೊಮಾದಲ್ಲೇ ಬೇರೆಯಾಗಿ ಬರೆಯೋ 4000 ಪದದ ದೊಡ್ಡ ಪ್ರಬಂಧಕ್ಕೂ (ಎಕ್ಸ್‌ಟೆಂಡೆಡ್ ಎಸ್ಸೇ) ಸೇರಿಸಿ ಸಿಗೋದು ಹೆಚ್ಚೆಂದರೆ 3 ಅಂಕ, ಒಟ್ಟು 45ರಲ್ಲಿ. ಅಷ್ಟೇ ತಾನೇ ಅಂತ ಬಿಟ್ಟರೆ ಕೆಟ್ಟಿರಿ. ಇವೆರಡರಲ್ಲಿ ಯಾವುದಕ್ಕಾದರೂ ಇ, ಅಂದರೆ ಅತಿ ಕೆಳಗಿನ ಗ್ರೇಡ್ ಬಂದರೆ ಡಿಪ್ಲೊಮಾನೇ ಇಲ್ಲ!

ಕಾಫಿಪುಡಿ: ಮೇಷ್ಟ್ರೇ, ಪಂಚಾಂಗದ ವಿಷಯ ಹೇಳಿದೆ. "ಗ್ರಹಣದ ಹೊತ್ತು ಸರಿ ಇರುತ್ತೆ ಅಂತ ರಾಹುಕಾಲವನ್ನೂ ಯಾಕೆ ನಂಬಬೇಕು?" ಅಂತ ಶುರು ಮಾಡಿದಳು. ನಮ್ಮಮ್ಮ ಪಕ್ಕದಲ್ಲೇ ಕೂತಿದ್ದರು. ಇನ್ನೂ ಜಗಳ ನಡೀತಿದೆ.