ಮೀಟರ್‌ನಲ್ಲಿ 8501, ಬಿಲ್‌ನಲ್ಲಿ 8843. ಮೊದಲು ಕಟ್ಟಿ ಅಂತಾರೆ, ಏನು ಮಾಡಲಿ?

ದಾಸವಾಳ ಬೇಲಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಒಂದು ದಾರಿ ಹೇಳಿ.

ಊರಲ್ಲಿ ಅಮ್ಮ ಒಬ್ಬರೇ ಇರುವುದು, ನಾನು ಬೆಂಗಳೂರಿನಲ್ಲಿ. ಮನೆಯಲ್ಲಿ ಒಂದು ಫ್ರಿಜ್, ಟಿವಿ, ಎರಡು ಫ್ಯಾನ್, ಬೆಳಿಗ್ಗೆ ಹತ್ತು ನಿಮಿಷ ನೀರಿನ ಮೋಟರ್, ಅಷ್ಟೇ. ಸ್ನಾನಕ್ಕೆ ಇವತ್ತಿಗೂ ಹಂಡೆ ಒಲೆ. ಗೃಹಜ್ಯೋತಿಯಲ್ಲಿ ನಮಗೆ 78 ಯೂನಿಟ್ ಉಂಟು (2022-23ರ ಸರಾಸರಿ, ಅದರ ಮೇಲೆ ಶೇಕಡಾ 10). ಬಳಕೆ ಯಾವತ್ತೂ 65ರಿಂದ 75ರ ಒಳಗೇ ಇರುತ್ತೆ. ಹಾಗಾಗಿ 2023ರ ಆಗಸ್ಟ್‌ನಿಂದ ಬಂದದ್ದೆಲ್ಲ ಸೊನ್ನೆ ಬಿಲ್.

ಈ ತಿಂಗಳು 4ನೇ ತಾರೀಕು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೋದ ಚೀಟಿಯಲ್ಲಿ ಹಿಂದಿನ ರೀಡಿಂಗ್ 8412, ಈಗಿನದು 8843, ಬಳಕೆ 431 ಯೂನಿಟ್. ಮೂರು ಸಾವಿರದ ನೂರಾ ಚಿಲ್ಲರೆ ಕಟ್ಟಬೇಕಂತೆ! 200 ದಾಟಿದ ಕಾರಣ ಗೃಹಜ್ಯೋತಿ ಪೂರ್ತಿ ಹೋಗಿದೆ, 431ಕ್ಕೂ ದುಡ್ಡು ಹಾಕಿದ್ದಾರೆ. ಅಮ್ಮ ಗಾಬರಿಯಾಗಿ ಎರಡು ದಿನ ಫ್ರಿಜ್ ಬಂದ್ ಮಾಡಿ ಕೂತಿದ್ದರು, ಹಾಲೆಲ್ಲ ಒಡೆದುಹೋಯಿತು.

ಶನಿವಾರ ಊರಿಗೆ ಹೋದೆ. ಸ್ಟೂಲ್ ಹಾಕಿ ಹತ್ತಿ, ಮೀಟರ್ ಗಾಜಿನ ಮೇಲಿನ ಜೇಡರ ಬಲೆ ಒರೆಸಿ ನೋಡಿದರೆ ಅದರಲ್ಲಿ ಇರುವುದು 8501. ಅಂದರೆ ಬಿಲ್ ಬಂದು ಒಂದು ವಾರ ಆದ ಮೇಲೂ ಮೀಟರ್ ಇನ್ನೂ ಬಿಲ್‌ನಲ್ಲಿರುವ ನಂಬರಿನ ಹತ್ತಿರಕ್ಕೂ ಬಂದಿಲ್ಲ! ನನ್ನ ಲೆಕ್ಕದಲ್ಲಿ ಅವತ್ತು ಇದ್ದದ್ದು 8483, ಬರೆಯುವಾಗ 8843 ಆಗಿದೆ.

ಕರೆಂಟ್ ಆಫೀಸಿಗೆ ಹೋಗಿ ಹೇಳಿದೆ. ಕೌಂಟರ್‌ನಲ್ಲಿದ್ದವರು ತಲೆ ಎತ್ತದೆ, "ಸಿಸ್ಟಮ್‌ನಲ್ಲಿ ಬಂದಿದೆ, ಮೊದಲು ಕಟ್ಟಿ, ಮುಂದಿನ ತಿಂಗಳು ಅಡ್ಜಸ್ಟ್ ಆಗುತ್ತೆ" ಅಂದರು. ಅಮ್ಮ ಬೇರೆ, "ಕಟ್ಟಿಬಿಡೋಣ ಕಣೋ, ಕರೆಂಟ್ ಕಿತ್ತರೆ ಮರ್ಯಾದೆ ಏನಾಗಬೇಕು" ಅಂತ ಒಂದೇ ಸಮ. ಕಟ್ಟಲಾ, ಬೇಡವಾ? ಕಟ್ಟದಿದ್ದರೆ ನಿಜವಾಗಿ ಲೈನ್ ತೆಗೀತಾರಾ?

ಕಂಬದ ಮೇಲಿನ ಕಾಗೆ:

ಕಟ್ಟಬೇಡಿ. ಕಟ್ಟಿದ ಮೇಲೆ ನಿಮ್ಮ ಫೈಲ್ ಯಾರಿಗೂ ಅರ್ಜೆಂಟ್ ಅಲ್ಲ.

"ಮುಂದಿನ ತಿಂಗಳು ಅಡ್ಜಸ್ಟ್" ಅನ್ನುವುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಮುಂದಿನ ತಿಂಗಳು ನಿಮ್ಮ ಮೀಟರ್‌ನಲ್ಲಿ ಇರುವುದು 8555ರ ಆಸುಪಾಸು. ಹಿಂದಿನ ರೀಡಿಂಗ್ ಅಂತ ಸಿಸ್ಟಮ್‌ನಲ್ಲಿ ಕೂತಿರುವುದು 8843. ಹಿಂದಿನದಕ್ಕಿಂತ ಈಗಿನದು ಕಮ್ಮಿ ಹೇಗಾಗುತ್ತೆ? ನಿಮ್ಮ ಅಮ್ಮನ ಬಳಕೆಯಲ್ಲಿ ಮೀಟರ್ 8843 ಮುಟ್ಟಲಿಕ್ಕೆ ಇನ್ನೂ ಐದು ತಿಂಗಳು ಬೇಕು. ಅಲ್ಲಿವರೆಗೆ ಮೀಟರ್ ಕೆಟ್ಟಿದೆ ಅಂತ ಸರಾಸರಿ ಬಿಲ್ ಹಾಕ್ತಾರೋ, ಡಯಲ್ ಒಂದು ಸುತ್ತು ಮುಗಿಸಿದೆ ಅಂತ ಲಕ್ಷದ ಬಿಲ್ ಬರುತ್ತೋ, ದೇವರೇ ಬಲ್ಲ. ಆದ್ದರಿಂದ ಈ ತಿಂಗಳ ರೀಡಿಂಗನ್ನೇ ತಿದ್ದಿಸಬೇಕು. ದುಡ್ಡು ಆಮೇಲಿನ ವಿಷಯ.

ಲೈನ್ ತೆಗೆಯುವ ಭಯ ಇದೆಯಲ್ಲ, ಅದಕ್ಕೆ ವಿದ್ಯುತ್ ಕಾಯ್ದೆ 2003ರ 56ನೇ ಸೆಕ್ಷನ್ ಓದಿ. ಬರವಣಿಗೆಯಲ್ಲಿ ಪೂರ್ತಿ 15 ದಿನದ ನೋಟಿಸ್ ಕೊಡದೆ ಯಾರೂ ಕಟ್ ಮಾಡುವಂತಿಲ್ಲ. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ: ಬಿಲ್ ಬಗ್ಗೆ ತಕರಾರು ಇದ್ದಾಗ ಆಕ್ಷೇಪಣೆ ಬರೆದು, ಅವರು ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳು ಕಟ್ಟಿದ್ದರ ಸರಾಸರಿ, ಎರಡರಲ್ಲಿ ಯಾವುದು ಕಮ್ಮಿಯೋ ಅಷ್ಟನ್ನು ಠೇವಣಿ ಇಟ್ಟರೆ ತಕರಾರು ಮುಗಿಯುವ ತನಕ ಕಟ್ ಮಾಡಬಾರದು. ನಿಮ್ಮದು ಆರು ತಿಂಗಳೂ ಸೊನ್ನೆ ಬಿಲ್. ಸೊನ್ನೆಯ ಸರಾಸರಿ ಎಷ್ಟು ಅಂತ ಕೌಂಟರ್‌ನಲ್ಲೇ ಕೇಳಿ, ಮಜಾ ಇರುತ್ತೆ.

ನಿವೃತ್ತ ಕಂಬಜೀವಿ:

ಕಾಗೆ ಅವರು ಹೇಳಿದ್ದು ಸರಿ, ಆದರೆ ಸೆಕ್ಷನ್ ಹಿಡಿದುಕೊಂಡು ಕೌಂಟರ್‌ಗೆ ಹೋಗಬೇಡಿ ತಮ್ಮಾ. ನಾನು ಇದೇ ಇಲಾಖೆಯಲ್ಲಿ 31 ವರ್ಷ ತೆಗೆದವನು. ದುಡ್ಡು ಕಟ್ಟಿಸಿಕೊಳ್ಳುವ ಕೌಂಟರ್‌ನವರಿಗೆ ಬಿಲ್ ತಿದ್ದುವ ಅಧಿಕಾರವೇ ಇಲ್ಲ. ಅವರ ಹತ್ತಿರ ಜಗಳ ಆಡಿದರೆ ನಿಮ್ಮ ಗಂಟಲು ನೋವು, ಅಷ್ಟೇ.

ಹೀಗೆ ಮಾಡಿ. ಉಪವಿಭಾಗದ ಆಫೀಸಿನಲ್ಲಿ ಕಂದಾಯ ಶಾಖೆ ಅಂತ ಬೇರೆ ಇರುತ್ತೆ. ಅರ್ಜಿ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಹೆಸರಿಗೆ ಬರೆಯಿರಿ, ಕಂದಾಯ ಶಾಖೆಯಲ್ಲಿ ಕೊಡಿ. ಒಂದೇ ಪುಟ ಸಾಕು. ಆರ್‌ಆರ್ ನಂಬರ್ (ಬಿಲ್ ಮೇಲಿರುವ ನಿಮ್ಮ ಸಂಪರ್ಕದ ನಂಬರ್), ಬಿಲ್ ತಾರೀಕು, ಬಿಲ್‌ನಲ್ಲಿರುವ ರೀಡಿಂಗ್, ಇವತ್ತು ಮೀಟರ್‌ನಲ್ಲಿರುವ ರೀಡಿಂಗ್, "ಸ್ಥಳ ಪರಿಶೀಲನೆ ಮಾಡಿ ಬಿಲ್ ಪರಿಷ್ಕರಿಸಿ ಕೊಡಿ" ಅಂತ ಒಂದು ಸಾಲು. ಅಮ್ಮನಿಗೆ ವಯಸ್ಸಾಗಿದೆ, ಫ್ರಿಜ್ ಬಂದ್ ಮಾಡಿದ್ದರು ಅನ್ನುವುದೆಲ್ಲ ಬೇಡ. ಬೇಜಾರು ಮಾಡ್ಕೋಬೇಡಿ, ಅಲ್ಲಿ ಅದನ್ನು ಓದುವವರಿಲ್ಲ. ಬಳಕೆ ಕಮ್ಮಿ ಅಂತ ವಾದಕ್ಕೂ ಇಳಿಯಬೇಡಿ. "ನೆಂಟರು ಬಂದಿರಬಹುದು, ಹೀಟರ್ ಹಾಕಿರಬಹುದು" ಅಂತ ಶುರು ಮಾಡ್ತಾರೆ. ನಿಮ್ಮ ಕೈಯಲ್ಲಿರುವ ಸಾಕ್ಷಿ ಒಂದೇ: ಮೀಟರ್ ಇನ್ನೂ ಆ ನಂಬರಿಗೆ ಬಂದಿಲ್ಲ. ಅದಕ್ಕೆ ಉತ್ತರ ಯಾರ ಹತ್ತಿರವೂ ಇಲ್ಲ.

ಫೋಟೋ ತೆಗೆಯುವಾಗ ಎರಡು ತೆಗೆಯಿರಿ. ರೀಡಿಂಗ್ ಒಂದನ್ನೇ ತೆಗೆದರೆ ಪಕ್ಕದ ಮನೆಯದೂ ಇರಬಹುದಲ್ಲ, ಹಾಗಾಗಿ ಮೀಟರ್‌ನ ಮೈಮೇಲಿರುವ ಸೀರಿಯಲ್ ನಂಬರ್ ಕಾಣಬೇಕು. ಮೀಟರ್ ಪರದೆ ಒಂದಾದ ಮೇಲೊಂದು ಬದಲಾಗುತ್ತಾ ಇರುತ್ತೆ, ತಾರೀಕು, ಟೈಮು, ವೋಲ್ಟೇಜ್ ಎಲ್ಲ ಬರುತ್ತೆ. ಕೆಡಬ್ಲ್ಯೂಎಚ್ ಅಂತ ಇರುವ ನಂಬರ್ ಬಂದಾಗಲೇ ತೆಗೆಯಿರಿ.

ಅರ್ಜಿ ಎರಡು ಪ್ರತಿ ಇರಲಿ. ನಿಮ್ಮ ಪ್ರತಿಗೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳದೆ ಆಫೀಸಿನ ಮೆಟ್ಟಿಲು ಇಳಿಯಬೇಡಿ. 1912ಕ್ಕೂ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಆದರೆ ಸೀಲು ಬಿದ್ದ ಕಾಗದದ ತೂಕವೇ ಬೇರೆ.

ಇನ್ನೊಂದು ಮಾತು. ಮೀಟರ್ ರೀಡರ್ ಹುಡುಗನನ್ನು ಬೈಯಬೇಡಿ. ಬಹಳ ಕಡೆ ಅವರು ಗುತ್ತಿಗೆಯವರು. ಬಿಸಿಲಲ್ಲಿ ಮನೆಮನೆ ಸುತ್ತಿ, ನಾಯಿ ಓಡಿಸಿ, ಜೇಡರ ಬಲೆ ಹಿಂದಿನ ನಂಬರ್ ಓದಬೇಕು. ಬಲೆ ಇತ್ತು ಅಂತ ನೀವೇ ಬರೆದಿದ್ದೀರಿ!

ಮೇಲಿನ ಮನೆ:

ದಾಸವಾಳ ಅವರದ್ದು ಓದುವ ತಪ್ಪು, ಬೇಗ ಸರಿಹೋಗುತ್ತೆ. ನಮ್ಮದು ಐದು ತಿಂಗಳು ತಿಂದಿತು. ಬೇರೆಯವರಿಗೆ ಉಪಯೋಗ ಆಗಬಹುದು ಅಂತ ಬರೀತಿದ್ದೇನೆ.

ನಾವು ಬಾಡಿಗೆಗೆ ಮೇಲಿನ ಮಹಡಿಯಲ್ಲಿ, ಕೆಳಗೆ ಇನ್ನೊಂದು ಸಂಸಾರ. ನಾವಿಬ್ಬರೂ ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರೋದು, ಆದರೂ ತಿಂಗಳಿಗೆ 240, 250 ಯೂನಿಟ್. ಮನೆ ಓನರ್, "ಗೀಸರ್ ಕಮ್ಮಿ ಹಾಕ್ರಮ್ಮ" ಅಂತ ಬುದ್ಧಿ ಹೇಳೋರು. ನಮ್ಮ ಮನೆಯಲ್ಲಿ ಇರುವುದು ಗ್ಯಾಸ್ ಗೀಸರ್.

ಕೊನೆಗೆ ಒಂದು ಭಾನುವಾರ ನಮ್ಮ ಯಜಮಾನರು ಮೇಲೆ ನಮ್ಮ ಮನೆಯ ಮೇನ್ ಸ್ವಿಚ್ ಆಫ್ ಮಾಡಿದರು, ನಾನು ಕೆಳಗೆ ಮೀಟರ್ ಬಾಕ್ಸ್ ಮುಂದೆ ನಿಂತೆ. ಮೀಟರ್‌ನಲ್ಲಿ ಒಂದು ಕೆಂಪು ಚುಕ್ಕೆ ದೀಪ ಮಿನುಗುತ್ತಾ ಇರುತ್ತೆ ನೋಡಿ. ನಮ್ಮ ಆರ್‌ಆರ್ ನಂಬರ್ ಬರೆದಿದ್ದ ಮೀಟರ್‌ನ ದೀಪ ಟಕ್ ಟಕ್ ಅಂತ ಬಡಿತಾನೇ ಇದೆ, ಪಕ್ಕದ ಮೀಟರ್‌ನದು ಗಪ್‌ಚುಪ್ ನಿಂತಿದೆ. ಮನೆಗೆ ಪೇಂಟ್ ಮಾಡಿಸುವಾಗ ಎಲೆಕ್ಟ್ರಿಷಿಯನ್ ವೈರ್ ಬಿಚ್ಚಿ, ವಾಪಸ್ ಹಾಕುವಾಗ ಅದಲು ಬದಲು ಮಾಡಿದ್ದ. ಐದು ತಿಂಗಳು ಕೆಳಗಿನವರ ಇಂಡಕ್ಷನ್ ಸ್ಟವ್ ದುಡ್ಡು ನಾವು ಕಟ್ಟಿದ್ದೆವು, ಅವರಿಗೆ ನಮ್ಮ ಲೆಕ್ಕದಲ್ಲಿ ಸೊನ್ನೆ ಬಿಲ್!

ಆಫೀಸಿನವರು ಬಂದು ನೋಡಿ, ಮೀಟರ್ ಸರಿ ಇದೆ, ಮೀಟರ್ ದಾಟಿದ ಮೇಲಿನ ವೈರಿಂಗ್ ಮನೆಯವರದ್ದು ಅಂದುಬಿಟ್ಟರು. ಒಪ್ಪಲೇಬೇಕಾಯಿತು. ಓನರ್ ಅರ್ಧ ಕೊಟ್ಟರು, ಕೆಳಗಿನವರು ಎರಡು ಕಂತಿನಲ್ಲಿ ಕೊಟ್ಟರು. ಈಗ ಸಾರು ಪಲ್ಯದ ಕೊಡುಕೊಳ್ಳುವಿಕೆ ನಿಂತಿದೆ.

ಲೆಕ್ಕದ ಮೇಷ್ಟ್ರು:

ಮೇಲಿನ ಮನೆಯವರ ಕೆಂಪು ದೀಪದ ಬಗ್ಗೆ ಒಂದು ಸೇರಿಸ್ತೀನಿ. ಮೀಟರ್ ಮೇಲೆ ಒಂದು ಯೂನಿಟ್‌ಗೆ ದೀಪ ಎಷ್ಟು ಸಲ ಮಿನುಗುತ್ತೆ ಅಂತ ಅಚ್ಚು ಹಾಕಿರುತ್ತಾರೆ, ಬಹಳ ಮೀಟರ್‌ಗಳಲ್ಲಿ 3200. ಮನೆಯಲ್ಲಿ ಎಲ್ಲ ಆಫ್ ಮಾಡಿ 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಒಂದನ್ನೇ ಹಾಕಿ. ಅದು ಕಾಯುತ್ತಿರುವಾಗ ಒಂದು ನಿಮಿಷ ಎಣಿಸಿದರೆ 53ರ ಹತ್ತಿರ ಬರಬೇಕು. ಎಂಬತ್ತು, ತೊಂಬತ್ತು ಬಂದರೆ ಮೀಟರ್ ಮೇಲೆ ಅನುಮಾನ ಪಡಬಹುದು. ಆಗ ದೂರು ಕೊಟ್ಟರೆ, 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ ಐದು ದಿನದಲ್ಲಿ ಇನ್ನೊಂದು ಮೀಟರ್ ಪಕ್ಕದಲ್ಲಿ ಹಾಕಿ ಕಮ್ಮಿ ಅಂದರೂ ಮೂರು ತಿಂಗಳು ಹೋಲಿಸಿ ನೋಡಬೇಕು.

ದಾಸವಾಳ ಅವರೇ, ನೀವು ಮಾತ್ರ ಮೀಟರ್ ಟೆಸ್ಟ್ ಕೇಳಬೇಡಿ. ನಿಮ್ಮ ಮೀಟರ್ ಸರಿಯಾಗೇ ಇದೆ, ಸುಮ್ನೆ ವಿಷಯ ಎಳೆದು ಹೋಗುತ್ತೆ.

ಹೊಸಬ:

ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮಗೆ ಮೂರು ವರ್ಷ ಹಿಂದಿನ ಬಾಕಿ ಅಂತ ಈಗ ಒಂದು ನೋಟಿಸ್ ಬಂದಿದೆ. ಆಗ ಯಾವುದೋ ತಪ್ಪು ದರದಲ್ಲಿ ಬಿಲ್ ಮಾಡಿದ್ದರಂತೆ. ಎರಡು ವರ್ಷ ದಾಟಿದರೆ ಕೇಳುವ ಹಾಗಿಲ್ಲ ಅಂತಾರಲ್ಲ, ನಿಜವಾ?

ಕಂಬದ ಮೇಲಿನ ಕಾಗೆ:

ಅರ್ಧ ನಿಜ. ಎರಡು ವರ್ಷದ ಮಾತು ಅದೇ 56ನೇ ಸೆಕ್ಷನ್‌ನ ಎರಡನೇ ಭಾಗದಲ್ಲಿದೆ. ಆದರೆ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದು ಏನಂದರೆ, ತಪ್ಪಿನಿಂದ ಬಿಟ್ಟುಹೋದ ಹಣಕ್ಕೆ ಆಮೇಲೂ ಹೆಚ್ಚುವರಿ ಬಿಲ್ ಕೊಡಬಹುದು, ಅದನ್ನು ವಸೂಲಿ ಮಾಡಲಿಕ್ಕೆ ಅಂತ ಕರೆಂಟ್ ಕಟ್ ಮಾಡುವ ಹಾಗಿಲ್ಲ. ನೋಟಿಸ್‌ನಲ್ಲಿ ಯಾವ ಸೆಕ್ಷನ್ ಬರೆದಿದ್ದಾರೆ ಮೊದಲು ನೋಡಿ. 126 ಅಂತ ಇದ್ದರೆ ಅದು ಅನಧಿಕೃತ ಬಳಕೆಯ ಆರೋಪ, ದಾರಿಯೇ ಬೇರೆ. ಪೂರ್ತಿ ವಿವರ ಹಾಕಿ ಹೊಸದಾಗಿ ಕೇಳಿ, ಇಲ್ಲಿ ಎರಡೂ ಕಲಸಿಹೋಗುತ್ತೆ.

ದಾಸವಾಳ ಬೇಲಿ:

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳ್ತೀನಿ.

ಸೋಮವಾರ ರಜೆ ಹಾಕಿ ಅರ್ಜಿ ಕೊಟ್ಟೆ, ಕಂಬಜೀವಿ ಸರ್ ಹೇಳಿದ ಹಾಗೇ ಒಂದೇ ಪುಟ. ಸೀಲು ಹಾಕಲಿಕ್ಕೆ "ಸಾಹೇಬ್ರು ಊಟಕ್ಕೆ ಹೋಗಿದ್ದಾರೆ" ಅಂದರು, ಬೆಂಚ್ ಮೇಲೆ ಕೂತೆ. ಮುಕ್ಕಾಲು ಗಂಟೆ ಆದ ಮೇಲೆ ಅವರೇ ಬೇಜಾರಾಗಿ ಹಾಕಿಕೊಟ್ಟರು. ಒಂದು ವಾರ ಸುದ್ದಿ ಇಲ್ಲ. ಮತ್ತೆ ಹೋಗಿ, ಇವತ್ತು ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಬರೀತೀನಿ ಅಂತ ಮೆಲ್ಲಗೆ ಹೇಳಿದೆ. ಆ ಹೆಸರಿಗೆ ಸ್ವಲ್ಪ ಬೆಲೆ ಇದೆ ಅನಿಸುತ್ತೆ, ಮಾರನೇ ದಿನವೇ ಒಬ್ಬರು ಮನೆಗೆ ಬಂದು ರೀಡಿಂಗ್ ಬರೆದುಕೊಂಡರು. ಅಮ್ಮ ಅವರಿಗೆ ಕಾಫಿ ಕೊಟ್ಟು, ಮೀಟರ್ ಒರೆಸಲಿಕ್ಕೆ ಬಟ್ಟೆಯನ್ನೂ ಕೊಟ್ಟರಂತೆ.

ಇವತ್ತು ಪರಿಷ್ಕೃತ ಬಿಲ್ ಸಿಕ್ಕಿತು. 8483, ಬಳಕೆ 71, ಕಟ್ಟಬೇಕಾದ್ದು ಸೊನ್ನೆ. ಆದರೆ ಆ್ಯಪ್‌ನಲ್ಲಿ ಇನ್ನೂ ಮೂರು ಸಾವಿರ ಬಾಕಿ ಅಂತಲೇ ತೋರಿಸ್ತಿದೆ. ಅದನ್ನು ಬಿಟ್ಟುಬಿಡಬಹುದಾ?

ನಿವೃತ್ತ ಕಂಬಜೀವಿ:

ಬಿಡಬೇಡಿ. ಲೆಡ್ಜರ್‌ನಲ್ಲಿ ತಿದ್ದಿ, ಆನ್‌ಲೈನ್‌ಗೆ ಏರಿಸುವುದು ಮರೆತಿರುತ್ತಾರೆ. ಎರಡು ದಿನ ನೋಡಿ, ಹೋಗದಿದ್ದರೆ ಅದೇ ಕಂದಾಯ ಶಾಖೆಗೆ ಪರಿಷ್ಕೃತ ಬಿಲ್‌ನ ಜೆರಾಕ್ಸ್ ತೆಗೆದುಕೊಂಡು ಹೋಗಿ. ಮೂಲ ಪ್ರತಿ ಕೈ ಬಿಡಬೇಡಿ. ಮುಂದಿನ ತಿಂಗಳ ಚೀಟಿಯಲ್ಲಿ ಹಿಂದಿನ ರೀಡಿಂಗ್ 8483 ಅಂತ ಬಂದಿದೆಯಾ, ಬಾಕಿ ಕಾಲಂನಲ್ಲಿ ಏನಿದೆ, ಎರಡೂ ಅಮ್ಮನಿಗೆ ನೋಡಲಿಕ್ಕೆ ಹೇಳಿ.

ದಾಸವಾಳ ಬೇಲಿ:

ಸರಿ ಸರ್. ಅಮ್ಮ ಈಗಾಗಲೇ ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕದ ಪಕ್ಕದಲ್ಲೇ ಮೀಟರ್ ನಂಬರನ್ನೂ ಬರೆಯಲು ಶುರು ಮಾಡಿದ್ದಾರೆ. ದಿನಾ ಬರೀತಿದ್ದಾರೆ, ಅದೇ ಈಗ ಹೊಸ ತಲೆನೋವು. ಸ್ಟೂಲ್ ಹತ್ತಬೇಡಿ ಅಂದರೆ ಕೇಳ್ತಿಲ್ಲ.